ಟಿಟಿ ಗಾಡಿ ಮನೆಯಾದದ್ದು: ಕಟ್ಟಿದ್ದು, ಬಿಚ್ಚಿದ್ದು, ಮತ್ತೆ ಕಟ್ಟಿದ್ದು

ನಮ್ಮ ಟಿಟಿ, ಅಂದರೆ ಟೆಂಪೋ ಟ್ರಾವೆಲರ್ ಗಾಡಿಗೆ ಸೀಲಿಂಗನ್ನು ನಾನು ಎರಡು ಸಲ ಹಾಕಿಸಿದ್ದೇನೆ. ಮೊದಲ ಸಲ ಗಮ್ ಬಳಿದು ಮೊಳೆ ಹೊಡೆದು, ಇನ್ನು ಈ ಜನ್ಮದಲ್ಲಿ ಬಿಚ್ಚುವುದಿಲ್ಲ ಎನ್ನುವ ಹಾಗೆ. ಎರಡನೆಯ ಸಲ ಬೋಲ್ಟ್ ಹಾಕಿ, ಕೈಯಲ್ಲೊಂದು ಕೀಲಿ ಇದ್ದರೆ ಅರ್ಧ ಗಂಟೆಯಲ್ಲಿ ಇಳಿಸಿಬಿಡಬಹುದು ಎನ್ನುವ ಹಾಗೆ. ಎರಡರ ನಡುವೆ ಒಂದು ಮಳೆಗಾಲ, ನಲವತ್ತಾರು ಸಾವಿರ ರೂಪಾಯಿ, ಹದಿನೇಳು ದಿನ ಹೋಯಿತು. ಗಾಡಿಯನ್ನು ಮನೆ ಮಾಡಿಕೊಳ್ಳಬೇಕು ಅಂತ ಅಂದುಕೊಂಡವರಿಗೆ ಉಪಯೋಗವಾಗಲಿ ಎಂದು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನನ್ನ ಕಸುಬು ಹಾಲು ಕರೆಯುವ ಯಂತ್ರಗಳ ರಿಪೇರಿ. ಶಿಕಾರಿಪುರ, ಸೊರಬ, ಹಿರೇಕೆರೂರು, ರಾಣೆಬೆನ್ನೂರು, ಈ ಕಡೆ ತೀರ್ಥಹಳ್ಳಿಯವರೆಗೂ ಓಡಾಟ. ಯಂತ್ರದ ತೊಂದರೆಯನ್ನು ಹಾಲು ಕರೆಯುವ ಹೊತ್ತಿನಲ್ಲೇ ನೋಡಬೇಕು. ಬೆಳಿಗ್ಗೆ ಐದಕ್ಕೆ ಕೊಟ್ಟಿಗೆಯಲ್ಲಿರಬೇಕಾದರೆ ಶಿವಮೊಗ್ಗದಿಂದ ಎರಡೂವರೆಗೇ ಹೊರಡಬೇಕು. ಹನ್ನೊಂದು ವರ್ಷ ಹಾಗೇ ನಡೆಯಿತು. ನನ್ನ ಹೆಂಡತಿ ನಾಲ್ಕೈದು ಅಂಗಡಿಗಳ ಲೆಕ್ಕಪತ್ರ, ಜಿಎಸ್‌ಟಿ ಕೆಲಸವನ್ನು ಲ್ಯಾಪ್‌ಟಾಪಿನಲ್ಲೇ ಮಾಡುತ್ತಾಳೆ. ಒಂದು ದಿನ ಅವಳೇ ಕೇಳಿದಳು: "ಅಲ್ರೀ, ನೀವು ಹೋದಲ್ಲೆಲ್ಲ ಮನೇನೇ ಬಂದ್ರೆ ಆಗಲ್ವಾ?" ಆ ಮಾತಿನ ಆರು ತಿಂಗಳಿಗೆ ಬಾಡಿಗೆ ಮನೆ ಖಾಲಿ ಮಾಡಿದೆವು.

ಗಾಡಿ ಟೆಂಪೋ ಟ್ರಾವೆಲರ್, 2014ರ ಮಾಡೆಲ್. ಒಂದು ಕಾರ್ಖಾನೆಯ ಸಿಬ್ಬಂದಿಯನ್ನು ಕರೆದೊಯ್ಯುತ್ತಿದ್ದದ್ದು. 5 ಲಕ್ಷ 40 ಸಾವಿರಕ್ಕೆ ಸಿಕ್ಕಿತು. ಕಂಪನಿಗೆ ಬಜಾಜ್ ಟೆಂಪೋ ಎಂಬ ಹೆಸರು ಹೋಗಿ 2005ರಲ್ಲೇ ಫೋರ್ಸ್ ಮೋಟರ್ಸ್ ಆಯಿತು, ಆದರೆ ನಮ್ಮ ಕಡೆ ಅದು ಇವತ್ತಿಗೂ ಟಿಟಿಯೇ. ಇದನ್ನೇ ಆರಿಸಿದ್ದಕ್ಕೆ ಎರಡು ಕಾರಣ. ಒಳಗೆ ನಾನು ತಲೆ ಬಗ್ಗಿಸದೆ ನಿಲ್ಲಬಲ್ಲೆ. ಮತ್ತೆ, ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಇದರ ಕ್ಲಚ್ ಪ್ಲೇಟು ಬದಲಿಸಬಲ್ಲ ಮೆಕ್ಯಾನಿಕ್ ಒಬ್ಬ ಇದ್ದೇ ಇರುತ್ತಾನೆ. ಮನೆಯೇ ರಸ್ತೆ ಮಧ್ಯೆ ಕೆಟ್ಟು ನಿಂತಾಗ ಈ ಎರಡನೆಯದರ ಬೆಲೆ ಗೊತ್ತಾಗುತ್ತದೆ. ಕೊಳ್ಳುವಾಗ ಒಂದು ಅಯಸ್ಕಾಂತ ಹಿಡಿದು ಬಾಗಿಲ ಕೆಳಭಾಗ, ಚಕ್ರದ ಮೇಲಿನ ಕಮಾನು, ಮೆಟ್ಟಿಲ ಹತ್ತಿರವೆಲ್ಲ ಓಡಿಸಿದೆ. ಅಂಟದ ಕಡೆ ಪುಟ್ಟಿ ಇದೆ, ಪುಟ್ಟಿಯ ಹಿಂದೆ ತುಕ್ಕು ಇದೆ ಎಂದರ್ಥ. ಎರಡು ಕಡೆ ಮಾತ್ರ ಅಂಟಲಿಲ್ಲ.

ಕಾಗದಪತ್ರದ ಬಗ್ಗೆ ಒಂದು ಮಾತು. ಸೀಟು ಕಿತ್ತು ಮಂಚ ಹಾಕಿದರೆ ಮುಗಿಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಖಚಿತವಾಗಿ ಹೇಳಿದೆ. ಮೋಟಾರ್ ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಮೊದಲು ಆರ್‌ಟಿಒ ಕಚೇರಿಗೆ ಹೋಗಿ, ಏನು ಮಾಡಬೇಕೆಂದಿದ್ದೀರಿ ಎಂದು ಬರೆದುಕೊಟ್ಟು, ಅವರ ಒಪ್ಪಿಗೆ ಕೈಗೆ ಬಂದ ಮೇಲೆ ಕಟಿಂಗ್ ಮಷಿನ್ ಮುಟ್ಟಿ. ನಮಗೆ ಅದಕ್ಕೇ ಎರಡೂವರೆ ತಿಂಗಳು ಹಿಡಿಯಿತು. ಆ ಕಾಲ ದಂಡ ಎಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಖಾಲಿ ಗಾಡಿಯಲ್ಲಿ ಚಾಪೆ ಹಾಸಿ ಮಲಗಿ, ಎಲ್ಲಿ ತಲೆ, ಎಲ್ಲಿ ಒಲೆ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಅಳಿಸಿ ಬರೆದು ನೋಡಿದೆವು.

ಮೊದಲ ಸಲ ಕಟ್ಟಿದ್ದು

ಮರಗೆಲಸಕ್ಕೆ ಸಿಕ್ಕ ಬಡಗಿ ಮನೆಗಳಿಗೆ ವಾರ್ಡ್‌ರೋಬ್, ಅಡುಗೆಮನೆ ಮಾಡುವುದರಲ್ಲಿ ಪಳಗಿದ ಕೈ. ಕೆಲಸ ಅಚ್ಚುಕಟ್ಟು. ಆದರೆ ಅವನು ಮಾಡಿದ್ದು ಮನೆಯ ಕೆಲಸ: ಎಲ್ಲ ಕಡೆ 18 ಎಂಎಂ ಪ್ಲೈವುಡ್, ಎಲ್ಲ ಕೂಡಿಕೆಗೂ ಫೆವಿಕಾಲ್, ಸೀಲಿಂಗಿಗೆ ಎಸ್‌ಆರ್ ಗಮ್. ಟಾಪಿನ ಕಬ್ಬಿಣದ ಪಟ್ಟಿಗಳ ನಡುವೆ ಥರ್ಮಾಕೋಲ್ ತುಂಡು ತುರುಕಿ, ಅದರ ಮೇಲೆ ಬೆಳ್ಳಿ ಬಣ್ಣದ ಗುಳ್ಳೆ ಹಾಳೆ ಅಂಟಿಸಿ, ಅದರ ಮೇಲೆ ಪ್ಲೈ. ನೋಡಲು ಬಹಳ ಚೆನ್ನಾಗಿತ್ತು. ನಾನೂ ಪಕ್ಕದಲ್ಲಿ ನಿಂತು ಎಲ್ಲದಕ್ಕೂ ಹೂಂ ಎಂದವನೇ.

ಗಾಳಿಗೆ ಟಾಪಿನಲ್ಲಿ ಒಂದು ಫ್ಯಾನ್ ಬೇಕಿತ್ತು. 14 ಇಂಚು ಚೌಕದ ತೂತು ಕೊರೆದು ಕೂರಿಸುವಂಥದ್ದು. ತೂತನ್ನು ನಾನೇ ಕೊರೆದೆ. ಸುತ್ತ ಸಿಲಿಕೋನ್ ಹಚ್ಚಿ ಕೂರಿಸಿದೆ. ಬಾತ್‌ರೂಮಿನ ಟೈಲ್ಸಿಗೆ ಹಾಕುತ್ತಾರಲ್ಲ, ಹಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್, ಅದೇ. ಇಲ್ಲಿ ನಾನು ಮಾಡಿದ ಮೂರು ತಪ್ಪುಗಳನ್ನು ಮುಂದೆ ಹೇಳುತ್ತೇನೆ.

ಏಪ್ರಿಲ್, ಮೇ ತಿಂಗಳು ಸುಖವಾಗಿ ಕಳೆದವು. ಜೂನ್ ಮೂರನೇ ವಾರ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ, ಪರಿಚಯದವರ ತೋಟದ ಮನೆಯ ಅಂಗಳದಲ್ಲಿ ನಿಂತಿದ್ದೆವು. ಆಗುಂಬೆ ಎಂದರೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರು. ಅಲ್ಲಿಯವರು ಮಳೆಗಾಲಕ್ಕೆ ಮುಂಚೆಯೇ ಗೋಡೆಗೆ ಇರಚಲು ಹೊಡೆಯದಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಕೊಂಡಿರುತ್ತಾರೆ. ರಾತ್ರಿ ಎರಡು ಗಂಟೆಗೆ ನನ್ನ ಹಣೆ ಮೇಲೆ ಒಂದು ಹನಿ ಬಿತ್ತು. ಬೆಳಗಾಗುವಷ್ಟರಲ್ಲಿ ಹಾಸಿಗೆಯ ಕಾಲುಭಾಗ ನೆನೆದಿತ್ತು. ಮನೆಯ ಅಜ್ಜಿ ಚೊಂಬಿನಲ್ಲಿ ಕಾಫಿ ತಂದವರು ಒಳಗೆ ಇಣುಕಿ ನೋಡಿ, "ಅಯ್ಯೋ, ಮಾಡು ಸೋರ್ತದಲ್ಲ ಮಗಾ, ಒಳಗೆ ಬಂದು ಮಲಗಬೇಕಿತ್ತು" ಎಂದರು. ನಾಲ್ಕು ದಿನ ಅವರ ಜಗುಲಿಯಲ್ಲೇ ಮಲಗಿದೆವು.

ನೀಲಿ ನೀರು

ಸೋರುವುದನ್ನು ಹುಡುಕುವುದೇ ದೊಡ್ಡ ಕೆಲಸ. ಹನಿ ಬೀಳುತ್ತಿದ್ದದ್ದು ಹಿಂಬದಿಯ ಹಾಸಿಗೆ ಮೇಲೆ. ಫ್ಯಾನಿನ ತೂತು ಇದ್ದದ್ದು ಅಲ್ಲಿಂದ ನಾಲ್ಕು ಅಡಿ ಮುಂದೆ. ಹಾಗಾಗಿ ಮೊದಲು ಹಿಂದಿನ ಬಾಗಿಲ ರಬ್ಬರ್ ಮೇಲೆ, ಆಮೇಲೆ ಕ್ಯಾರಿಯರ್ ಬೋಲ್ಟುಗಳ ಮೇಲೆ ಅನುಮಾನಪಟ್ಟು ಎರಡು ದಿನ ಕಳೆದೆ. ಹಾಲಿನ ಯಂತ್ರದಲ್ಲಿ ವ್ಯಾಕ್ಯೂಮ್ ಲೀಕ್ ಹುಡುಕುವಾಗ ನಾವು ಎಲ್ಲ ಪೈಪನ್ನೂ ಒಟ್ಟಿಗೆ ನೋಡುವುದಿಲ್ಲ. ಒಂದೊಂದೇ ಭಾಗ ಮುಚ್ಚಿಕೊಂಡು ಹೋಗುತ್ತೇವೆ. ಅದನ್ನೇ ಇಲ್ಲಿ ಮಾಡಬೇಕಿತ್ತು ಎಂದು ಹೊಳೆದದ್ದು ಶಿವಮೊಗ್ಗಕ್ಕೆ ವಾಪಸ್ ಬಂದ ಮೇಲೆ.

ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟಿನಲ್ಲಿ ಗಾಢವಾಗಿ ಕಲಸಿಕೊಂಡೆ. ಅಂಗಳದಲ್ಲಿ ಗಾಡಿ ಯಾವ ವಾಲಿಕೆಯಲ್ಲಿ ನಿಂತಿತ್ತೋ ಅದೇ ವಾಲಿಕೆ ಬರುವಂತೆ ಮುಂದಿನ ಚಕ್ರಗಳನ್ನು ಹಲಗೆ ಮೇಲೆ ಹತ್ತಿಸಿದೆ. ಹಿಂದಿನಿಂದ ಶುರು ಮಾಡಿ, ಒಂದೊಂದೇ ಜಾಗಕ್ಕೆ ಒಂದೊಂದು ಮಗ್ ನೀರು, ಪ್ರತಿ ಮಗ್ಗಿನ ನಂತರ ಹತ್ತು ನಿಮಿಷ ಕಾಯುವುದು. ನನ್ನ ಹೆಂಡತಿ ಒಳಗೆ ಟಾರ್ಚ್ ಹಿಡಿದು ಕೂತಿದ್ದಳು. ಬಾಗಿಲ ರಬ್ಬರ್: ಏನಿಲ್ಲ. ಕ್ಯಾರಿಯರ್ ಬೋಲ್ಟುಗಳು: ಏನಿಲ್ಲ. ಫ್ಯಾನಿನ ಹಿಂದಂಚು: ಏನಿಲ್ಲ. ಮುಂದಂಚಿಗೆ ಸುರಿದು ಏಳು ನಿಮಿಷಕ್ಕೆ ಒಳಗಿನಿಂದ ಕೂಗಿದಳು: "ಬಂತು ರೀ, ನೀಲಿ ಬಂತು!"

ಟಿಟಿಯ ಟಾಪ್ ಸಪಾಟಾಗಿಲ್ಲ. ಉದ್ದಕ್ಕೂ ಗೆರೆ ಗೆರೆಯಾಗಿ ಉಬ್ಬು ತಗ್ಗು ಇದೆ. ಫ್ಯಾನಿನ ಚೌಕಟ್ಟು ಉಬ್ಬುಗಳ ಮೇಲೆ ಕೂತಿತ್ತು, ತಗ್ಗುಗಳಲ್ಲಿ ಬರೀ ಸಿಲಿಕೋನ್ ತುಂಬಿತ್ತು. ಗಾಡಿ ಓಡುವಾಗ ತಗಡು ಅದುರಿ ಅದುರಿ, ಮುಂದಂಚಿನ ಎರಡು ತಗ್ಗುಗಳಲ್ಲಿ ಸಿಲಿಕೋನ್ ತಗಡಿನಿಂದ ಬಿಟ್ಟುಕೊಂಡಿತ್ತು. ಉಗುರು ತೂರಿಸಿದರೆ ಹೋಗುವಷ್ಟು ಸಂದು. ಅಲ್ಲಿಂದ ಇಳಿದ ನೀರು ಒಳಗಿನ ಕಬ್ಬಿಣದ ಪಟ್ಟಿ ಹಿಡಿದು ಹಿಂದಕ್ಕೆ ಹರಿದು, ಪಟ್ಟಿ ಮುಗಿಯುವ ಕಡೆ ನನ್ನ ಹಣೆ ಮೇಲೆ ಬಿದ್ದಿತ್ತು.

ಇನ್ನು ಸೀಲಿಂಗ್ ಕೀಳದೆ ಗತಿಯಿರಲಿಲ್ಲ. ಗಮ್ ಹಾಕಿದ ಪ್ಲೈ ಹಾಗೆಲ್ಲ ಬರುವುದಿಲ್ಲ; ಉಳಿ, ಸುತ್ತಿಗೆ ಹಿಡಿದು ಚಕ್ಕೆ ಚಕ್ಕೆಯಾಗಿ ಒಡೆದು ತೆಗೆದೆವು. ಮೂರು ತಿಂಗಳ ಹಿಂದೆ ಪಾಲಿಶ್ ಹೊಡೆದು ಕೈಯಾಡಿಸಿ ಸಂತೋಷಪಟ್ಟ ಹಲಗೆಗಳವು. ಅವಳು ಒಂದೊಂದೇ ತುಂಡನ್ನು ಹೊರಗೆ ಒಯ್ದು ಗೋಡೆಗೆ ಒರಗಿಸಿಡುತ್ತಿದ್ದಳು, ಎಸೆಯಲು ಅವಳಿಗೆ ಮನಸ್ಸು ಬರಲಿಲ್ಲ.

ಥರ್ಮಾಕೋಲ್ ತೆಗೆದಾಗ ನಿಜವಾದ ಪೆಟ್ಟು ಕಂಡಿತು. ಫ್ಯಾನಿನ ಹತ್ತಿರ ಮಾತ್ರವಲ್ಲ, ನೀರು ಸೋರಿಯೇ ಇರದ ಕಡೆಯಲ್ಲೂ ತಗಡಿನ ಒಳಮೈ ಬೆವೆತಿತ್ತು, ಅಲ್ಲಲ್ಲಿ ಕೆಂಪು ಪುಡಿ ಏಳುತ್ತಿತ್ತು. ಇದು ಮಳೆಯ ನೀರಲ್ಲ, ನಮ್ಮ ನೀರು. ಇಬ್ಬರು ಮಲಗಿದರೆ ಒಂದು ರಾತ್ರಿಗೆ ಅರ್ಧ ಲೀಟರಿನಷ್ಟಾದರೂ ನೀರು ಉಸಿರು, ಬೆವರಿನಲ್ಲಿ ಹೊರಬರುತ್ತದೆ. ಅಡುಗೆ ಗ್ಯಾಸಂತೂ ಒಂದು ಕೆಜಿ ಉರಿದರೆ ಸುಮಾರು ಒಂದೂವರೆ ಕೆಜಿ ನೀರಾವಿ ಕೊಡುತ್ತದೆ. ಆ ಆವಿ ಥರ್ಮಾಕೋಲ್ ತುಂಡುಗಳ ಸಂದಿಯಲ್ಲಿ ನುಸುಳಿ, ತಣ್ಣಗಿನ ತಗಡು ಮುಟ್ಟಿ, ಅಲ್ಲೇ ನೀರಾಗಿ ನಿಂತಿತ್ತು. ಮಳೆ ಸೋರದೇ ಇದ್ದಿದ್ದರೆ ನಾನು ಈ ಸೀಲಿಂಗ್ ಬಿಚ್ಚುತ್ತಲೇ ಇರಲಿಲ್ಲ, ನಾಲ್ಕೈದು ವರ್ಷದಲ್ಲಿ ಟಾಪ್ ಒಳಗಿನಿಂದಲೇ ತಿಂದುಹೋಗುತ್ತಿತ್ತು.

ಎರಡನೆಯ ಸಲ

ಈ ಸಲ ಗಾಡಿಯನ್ನು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಒಯ್ದೆ. ಅಲ್ಲಿ ಬಸ್ ಬಾಡಿ ಕೆಲಸದಲ್ಲಿ ಮೂವತ್ತು ವರ್ಷ ಕಳೆದ ಒಬ್ಬ ಟಿಂಕರಿಂಗ್ ಮೇಸ್ತ್ರಿ ಸಿಕ್ಕರು. ಟಾಪ್ ನೋಡಿ, ಕೈಯಲ್ಲಿ ಎರಡು ಸಲ ಬಡಿದು ಹೇಳಿದರು: "ಸಾರ್, ಮನೆ ನಿಂತಲ್ಲೇ ನಿಂತಿರುತ್ತೆ. ಗಾಡಿ ಹಂಗಲ್ಲ, ಹಳ್ಳ ಬಂದಾಗೆಲ್ಲ ಮೈ ತಿರುಚುತ್ತೆ. ಗಟ್ಟಿ ಅಂಟಿಸಿದ್ರೆ ಒಡೆಯುತ್ತೆ. ಬೋಲ್ಟ್ ಹಾಕಿ, ರಬ್ಬರ್ ಕೊಡಿ, ಬಿಚ್ಚೋಕೆ ದಾರಿ ಇಡಿ." ಆಮೇಲೆ ಮಾಡಿದ್ದೆಲ್ಲ ಈ ಮಾತಿನ ಮೇಲೆಯೇ.

ಮೊದಲು ತುಕ್ಕು. ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಸಣ್ಣ ಸಣ್ಣ ಗುಂಡಿಗಳಲ್ಲಿ ಉಳಿದದ್ದಕ್ಕೆ ಫಾಸ್ಫೊರಿಕ್ ಆಮ್ಲದ ತುಕ್ಕು ನಿವಾರಕ ಹಚ್ಚಿ ಒಂದು ರಾತ್ರಿ ಬಿಟ್ಟೆವು. ಮಾರನೆಯ ದಿನ ಒರೆಸಿ, ಒಣಗಿಸಿ, ಎರಡು ಕೋಟ್ ಎಪಾಕ್ಸಿ ಪ್ರೈಮರ್.

ಆಮೇಲೆ ಫ್ಯಾನಿನ ತೂತು. ನನ್ನ ಮೂರು ತಪ್ಪುಗಳು ಇಲ್ಲಿ ತಿದ್ದಿಕೊಂಡವು. ಕೊಯ್ದ ತಗಡಿನ ಅಂಚಿಗೆ ನಾನು ಪ್ರೈಮರ್ ಹಚ್ಚಿರಲಿಲ್ಲ; ಬರಿಗಬ್ಬಿಣ ಹಾಗೇ ಬಿಟ್ಟಿದ್ದೆ. ವಿನೆಗರ್ ವಾಸನೆಯ ಸಿಲಿಕೋನ್ ಆರುವಾಗ ಬಿಡುವುದು ಅಸಿಟಿಕ್ ಆಮ್ಲ, ಬರಿಗಬ್ಬಿಣಕ್ಕೆ ಅದು ತಾನೇ ತುಕ್ಕು ಹಿಡಿಸುತ್ತದೆ. ಮತ್ತೆ, ಉಬ್ಬು ತಗ್ಗಿನ ಮೇಲೆ ಸಪಾಟು ಚೌಕಟ್ಟು ಕೂರಿಸಿದ್ದೆ. ಮೇಸ್ತ್ರಿ ರಟ್ಟಿನಲ್ಲಿ ತಗ್ಗುಗಳ ಅಚ್ಚು ತೆಗೆದು, ಅದೇ ಆಕಾರಕ್ಕೆ ಅಲ್ಯೂಮಿನಿಯಂ ತುಂಡುಗಳನ್ನು ಅರದಲ್ಲಿ ತಿಕ್ಕಿ ತಿಕ್ಕಿ ಕೂರಿಸಿದರು. ಒಂದೊಂದು ತುಂಡನ್ನೂ ತಗ್ಗಿಗೆ ಇಟ್ಟು, ಬೆಳಕಿಗೆ ಹಿಡಿದು, ಸಂದು ಕಂಡರೆ ಮತ್ತೆ ಅರ. ಎಂಟು ತುಂಡಿಗೆ ಪೂರ್ತಿ ಒಂದು ದಿನ. ಅದರ ಮೇಲೆ ಸಪಾಟಾದ ಒಂದು ಚೌಕಟ್ಟು, ನಡುವೆ ಬ್ಯೂಟೈಲ್ ಎಂಬ ಮೆತ್ತನೆಯ ಅಂಟು ರಬ್ಬರ್ ಟೇಪು, ಹೊರ ಅಂಚಿಗೆಲ್ಲ ಪಿಯು (ಪಾಲಿಯುರೆಥೇನ್) ಸೀಲೆಂಟ್. ಬಸ್ಸಿನ ಗಾಜು ಕೂರಿಸಲು ಬಳಸುವುದು ಇಂಥ ಪಿಯುವನ್ನೇ. ಆರಿದ ಮೇಲೂ ರಬ್ಬರಿನ ಹಾಗೆ ಎಳೆದಾಡುತ್ತದೆ.

ಶಾಖ ತಡೆಯಲು ಈ ಸಲ 25 ಎಂಎಂ ದಪ್ಪದ ನೈಟ್ರೈಲ್ ರಬ್ಬರ್ ಹಾಳೆ. ಎಸಿ ಡಕ್ಟಿಗೆ ಸುತ್ತುವ ಕಪ್ಪು ಸ್ಪಂಜಿನಂಥದ್ದು. ಅದರ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿಲ್ಲ, ಆವಿ ಒಳಗೆ ಹೋಗದು. ತಗಡಿಗೆ ಒಂದು ಕೂದಲೆಳೆ ಜಾಗ ಬಿಡದಂತೆ ಅಂಟಿಸಿ, ಸಂದುಗಳಿಗೆ ಅದೇ ರಬ್ಬರಿನ ಟೇಪು. ಇದೊಂದನ್ನು ಮಾತ್ರ ಗಮ್ ಹಾಕಿ ಅಂಟಿಸಿದ್ದು, ಯಾಕೆಂದರೆ ತಗಡಿಗೂ ರಬ್ಬರಿಗೂ ನಡುವೆ ಗಾಳಿ ಉಳಿದರೆ ಮತ್ತೆ ಅದೇ ಬೆವರು. ಕಳೆದ ಮೇ ತಿಂಗಳಲ್ಲಿ ವಿಜಯಪುರಕ್ಕೆ ಹೋಗಿದ್ದಾಗ, ಹೊರಗೆ 41 ಡಿಗ್ರಿ ಇದ್ದ ಮಧ್ಯಾಹ್ನ, ಗನ್ ಥರ್ಮಾಮೀಟರ್ ಹಿಡಿದು ನೋಡಿದೆ: ಟಾಪಿನ ತಗಡು 58, ಒಳಗಿನ ಸೀಲಿಂಗ್ 43. ಸೋಲಾರ್ ಪ್ಯಾನೆಲ್ಲಿನ ನೆರಳು ಬೀಳುವ ಕಡೆ ತಗಡು 46 ಅಷ್ಟೇ. ಪ್ಯಾನೆಲ್ಲುಗಳನ್ನು ಹಳೆಯ ಕ್ಯಾರಿಯರ್ ಮೇಲೆ ಮೂರು ಇಂಚು ಎತ್ತರದಲ್ಲಿ ಕೂರಿಸಿದ್ದರಿಂದ ಹೊಸ ತೂತು ಒಂದೂ ಕೊರೆಯಲಿಲ್ಲ, ಟಾಪಿಗೆ ಕೊಡೆಯೂ ಆಯಿತು.

ಸೀಲಿಂಗಿಗೆ 6 ಎಂಎಂ ಪ್ಲೈ, ಆರು ಹಲಗೆಗಳಾಗಿ. ಕಬ್ಬಿಣದ ಪಟ್ಟಿಗಳಲ್ಲಿ 9 ಎಂಎಂ ತೂತು ಕೊರೆದು ಎಂ6 ರಿವೆಟ್ ನಟ್ (ತೂತಿನಲ್ಲೇ ಬಿಗಿದು ಕೂರುವ ನಟ್) ಕೂರಿಸಿ, ತಲೆ ಅಗಲವಾದ ಬೋಲ್ಟಿನಿಂದ ಬಿಗಿದೆವು. ಹಲಗೆಗೂ ಪಟ್ಟಿಗೂ ನಡುವೆ ರಬ್ಬರ್ ಪಟ್ಟಿ. ಅಡುಗೆ ಕಟ್ಟೆ, ಬಟ್ಟೆ ಪೆಟ್ಟಿಗೆ, ಮಂಚ, ಎಲ್ಲವೂ ಇದೇ ರೀತಿ. ಹಳೆಯ 18 ಎಂಎಂ ಹಲಗೆಗಳಲ್ಲಿ ಎಂಟು ಅಡಿಗೆ ನಾಲ್ಕು ಅಡಿಯ ಒಂದು ಶೀಟೇ ಸುಮಾರು 35 ಕೆಜಿ ತೂಗುತ್ತಿತ್ತು. 12 ಎಂಎಂಗೆ ಇಳಿಸಿದೆ. ಗೋಡೆಗೆ ಒರಗಿಸಿಟ್ಟ ತುಂಡುಗಳಲ್ಲಿ ಚೆನ್ನಾಗಿದ್ದವು ಡ್ರಾಯರಿನ ತಳವಾದವು.

ಫ್ರಿಜ್ ನಿಲ್ಲುತ್ತಿದ್ದ ಸಂಗತಿ

ಕರೆಂಟಿನ ಕಡೆ ಬಂಡವಾಳ ಇಷ್ಟು: 12.8 ವೋಲ್ಟಿನ 200 ಆಂಪ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಅಂದರೆ ಸುಮಾರು 2,560 ವ್ಯಾಟ್ ಅವರ್. 180 ವ್ಯಾಟಿನ ಎರಡು ಪ್ಯಾನೆಲ್. ಗಾಡಿ ಓಡುವಾಗ ತುಂಬಿಸಲು 30 ಆಂಪಿನ ಡಿಸಿ-ಡಿಸಿ ಚಾರ್ಜರ್. ಈ ಚಾರ್ಜರ್ ಬಿಟ್ಟು ಲಿಥಿಯಂ ಬ್ಯಾಟರಿಯನ್ನು ನೇರ ಆಲ್ಟರ್ನೇಟರಿಗೆ (ಎಂಜಿನ್ ಓಡುವಾಗ ಕರೆಂಟು ಮಾಡುವ ಯಂತ್ರ) ಕೊಟ್ಟರೆ ಅದು ಎಳೆದುಕೊಳ್ಳುವ ಕರೆಂಟಿಗೆ ಆಲ್ಟರ್ನೇಟರ್ ಕಾದು ಸುಡುವ ಅಪಾಯವಿದೆ. ನಮ್ಮ ದಿನದ ಖರ್ಚು ಸುಮಾರು 900 ವ್ಯಾಟ್ ಅವರ್: ಫ್ರಿಜ್, ಲ್ಯಾಪ್‌ಟಾಪ್, ಫ್ಯಾನ್, ದೀಪ. ಮಲೆನಾಡಿನ ಜುಲೈಯಲ್ಲಿ ಸೂರ್ಯನನ್ನು ನೆಚ್ಚಿಕೊಳ್ಳುವ ಹಾಗಿಲ್ಲ, ಆದರೆ ಎರಡು ಗಂಟೆ ಗಾಡಿ ಓಡಿದರೆ 800 ಬಂದುಬಿಡುತ್ತದೆ, ಕೆಲಸಕ್ಕೆ ಹೇಗೂ ಓಡಲೇಬೇಕು.

ಆದರೂ ಫ್ರಿಜ್ ರಾತ್ರಿ ಹೊತ್ತು ಆಫ್ ಆಗುತ್ತಿತ್ತು. ಬ್ಯಾಟರಿ ಕೆಟ್ಟಿದೆ ಎಂದು ಒಬ್ಬರು, ಫ್ರಿಜ್ಜೇ ಕೆಟ್ಟಿದೆ ಎಂದು ಇನ್ನೊಬ್ಬರು. ಮೀಟರ್ ಹಿಡಿದೆ. ಕಂಪ್ರೆಸರ್ ಶುರುವಾಗಿ 8 ಆಂಪ್ ಎಳೆಯುವಾಗ ಬ್ಯಾಟರಿಯ ಮೇಲೆ 13.0 ವೋಲ್ಟ್, ಫ್ರಿಜ್ಜಿನ ಸಾಕೆಟ್ಟಿನಲ್ಲಿ 12.0. ನಡುವೆ ಒಂದು ವೋಲ್ಟ್ ಎಲ್ಲಿ ಹೋಯಿತು? ಲೆಕ್ಕ ಸರಳ. ನಾನು ಎಳೆದಿದ್ದು 1.5 ಚದರ ಎಂಎಂ ವೈರ್, ದೂರ ಐದು ಮೀಟರ್, ಹೋಗಿ ಬರುವುದು ಸೇರಿ ಹತ್ತು. ಅಷ್ಟು ತಾಮ್ರದ ರೆಸಿಸ್ಟೆನ್ಸ್ ಸುಮಾರು 0.12 ಓಮ್, 8 ಆಂಪಿನಿಂದ ಗುಣಿಸಿದರೆ ಹತ್ತಿರ ಹತ್ತಿರ ಒಂದು ವೋಲ್ಟ್. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟ್ ಹೋದರೆ ಯಾರಿಗೂ ತಿಳಿಯದು, 12ರಲ್ಲಿ ಅದೇ ಎಲ್ಲ. ಸಾಲದ್ದಕ್ಕೆ ಸಿಗರೇಟ್ ಲೈಟರ್ ಮಾದರಿಯ ಸಾಕೆಟ್. ಪ್ಲಗ್ ಮುಟ್ಟಿದರೆ ಬಿಸಿ ಹತ್ತುತ್ತಿತ್ತು, ಅಂದರೆ ಅಲ್ಲೂ ಇನ್ನಷ್ಟು ಸೋರುತ್ತಿತ್ತು. ಫ್ರಿಜ್ ತನಗೆ ಸಿಕ್ಕ ವೋಲ್ಟೇಜ್ ನೋಡಿ ಬ್ಯಾಟರಿ ಖಾಲಿಯಾಗುತ್ತಿದೆ ಎಂದು ತಿಳಿದು ನಿಂತುಬಿಡುತ್ತಿತ್ತು.

6 ಚದರ ಎಂಎಂ ವೈರ್ ಎಳೆದು, ಸಾಕೆಟ್ ಕಿತ್ತು, ಸ್ಕ್ರೂ ಹಾಕಿ ಬಿಗಿಯುವ ಕನೆಕ್ಟರ್ ಕೊಟ್ಟೆ. ಈಗ ಅದೇ ಹೊತ್ತಿನಲ್ಲಿ ಕಾಲು ವೋಲ್ಟಿಗಿಂತ ಹೆಚ್ಚು ಹೋಗುವುದಿಲ್ಲ. ಪ್ರತಿ ಲೈನಿಗೂ ಬ್ಯಾಟರಿಯ ಹತ್ತಿರವೇ ಫ್ಯೂಸ್. ಈ ವೈರ್ ಎಳೆಯಲು ನನಗೆ ಹಿಡಿದದ್ದು ಐವತ್ತು ನಿಮಿಷ, ಯಾಕೆಂದರೆ ಎರಡು ಹಲಗೆ ಬಿಚ್ಚಿದರೆ ದಾರಿ ತೆರೆದಿತ್ತು.

ತೂಕ, ಗ್ಯಾಸ್, ನೀರು

ಎಲ್ಲ ಮುಗಿದ ಮೇಲೆ, ನೀರು ತುಂಬಿ, ಸಾಮಾನು ಹೇರಿ, ನಾವಿಬ್ಬರೂ ಕೂತು ವೇ ಬ್ರಿಡ್ಜಿಗೆ ಹೋದೆವು. ಒಟ್ಟು ತೂಕ ಒಂದೇ ನೋಡಿದರೆ ಸಾಲದು. ಮುಂದಿನ ಚಕ್ರ ಮಾತ್ರ, ಆಮೇಲೆ ಹಿಂದಿನ ಚಕ್ರ ಮಾತ್ರ, ಆಮೇಲೆ ಎಡಗಡೆ ಎರಡು, ಬಲಗಡೆ ಎರಡು ಎಂದು ಬೇರೆ ಬೇರೆ ತೂಗಿಸಿದೆ. ಅಲ್ಲಿಯ ಹುಡುಗ ಬೇಸರವಿಲ್ಲದೆ ನಾಲ್ಕು ಚೀಟಿ ಹರಿದುಕೊಟ್ಟ. ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿಗಿಂತ 310 ಕೆಜಿ ಕಡಿಮೆ ಇದ್ದೆವು, ಆದರೆ ಎಡಗಡೆ 190 ಕೆಜಿ ಹೆಚ್ಚು. ಬ್ಯಾಟರಿ, ನೀರು, ಅಡುಗೆ ಕಟ್ಟೆ, ಮೂರೂ ಒಂದೇ ಕಡೆ! ತಿರುವಿನಲ್ಲಿ ಗಾಡಿ ವಾಲುತ್ತಿದ್ದದ್ದು ಇದಕ್ಕೇ. ನೀರಿನ ಕ್ಯಾನುಗಳನ್ನು ಬಲಕ್ಕೆ ಸಾಗಿಸಿದೆ: 20 ಲೀಟರಿನ ಮೂರು ಕ್ಯಾನ್, ಅಂದರೆ 60 ಕೆಜಿ ಆಚೆಯಿಂದ ಈಚೆಗೆ. ವ್ಯತ್ಯಾಸ 70ಕ್ಕೆ ಇಳಿಯಿತು.

ದೊಡ್ಡ ಟ್ಯಾಂಕ್ ಬಿಟ್ಟು ಕ್ಯಾನ್ ಇಟ್ಟದ್ದು ಬೇಕೆಂದೇ. ಯಾರ ಮನೆಯ ಬಾವಿಕಟ್ಟೆಗಾದರೂ ಒಯ್ದು ತುಂಬಿಸಿ ತರಬಹುದು, ಒಳಗೆ ಕೈಹಾಕಿ ತೊಳೆಯಬಹುದು.

ಗ್ಯಾಸಿನಲ್ಲಿ ಮಾತ್ರ ಯಾರೂ ಉದಾಸೀನ ಮಾಡಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹಳ್ಳದ ನೀರಿನ ಹಾಗೆ ನಿಲ್ಲುತ್ತದೆ. ನಾವು ಮಲಗುವುದು ಆ ಮಟ್ಟದಲ್ಲೇ. ಐದು ಕೆಜಿಯ ಸಣ್ಣ ಸಿಲಿಂಡರಿಗೆ ಪ್ರತ್ಯೇಕ ತಗಡಿನ ಪೆಟ್ಟಿಗೆ ಮಾಡಿಸಿ, ಪೆಟ್ಟಿಗೆಯ ತಳದಿಂದ ಗಾಡಿಯ ಕೆಳಕ್ಕೆ ಎರಡು ಇಂಚಿನ ತೂತು ಬಿಟ್ಟಿದ್ದೇವೆ. ಅದಕ್ಕೆ ಜರಡಿ ಇದೆ, ಮುಚ್ಚಳ ಇಲ್ಲ. ಅಡುಗೆ ಮಾಡುವಾಗ ಟಾಪಿನ ಫ್ಯಾನ್ ಓಡಲೇಬೇಕು, ಒಂದು ಕಿಟಕಿ ತೆರೆದಿರಲೇಬೇಕು. ಮಲಗುವ ಮುಂಚೆ ರೆಗ್ಯುಲೇಟರ್ ಆಫ್ ಮಾಡುವುದು ಅವಳ ಕೆಲಸ, ಮಾಡಿದಳೋ ಎಂದು ಮುಟ್ಟಿ ನೋಡುವುದು ನನ್ನ ಕೆಲಸ.

ಈ ವರ್ಷದ ಜುಲೈಯಲ್ಲಿ ಅದೇ ತೋಟದ ಮನೆಯ ಅಂಗಳಕ್ಕೆ ಹೋಗಿ, ಅದೇ ವಾಲಿಕೆಯಲ್ಲಿ ಗಾಡಿ ನಿಲ್ಲಿಸಿದೆವು. ಆರು ದಿನ ಬಿಡದೆ ಮಳೆ. ಏಳನೆಯ ಬೆಳಿಗ್ಗೆ ಫ್ಯಾನಿನ ಹಿಂದಿನ ಹಲಗೆಯ ಬೋಲ್ಟ್ ಬಿಚ್ಚಿ ಇಳಿಸಿ, ರಬ್ಬರ್ ಹಾಳೆಯ ಒಂದು ಮೂಲೆ ಎಬ್ಬಿಸಿ ತಗಡಿಗೆ ಬೆರಳಿಟ್ಟೆ. ಒಣಗಿತ್ತು. ಅಜ್ಜಿಯೂ ಮೆಟ್ಟಿಲ ಮೇಲೆ ನಿಂತು ಕೈಚಾಚಿ ಮುಟ್ಟಿ ನೋಡಿದರು. ಹಿಂದಿನ ಬಾಗಿಲ ರಬ್ಬರ್ ಮಾತ್ರ ಕೆಳಗಿನ ಮೂಲೆಯಲ್ಲಿ ಗಟ್ಟಿಯಾಗತೊಡಗಿದೆ, ಅಲ್ಲಿ ಒಂದು ಬಟ್ಟೆ ಇಟ್ಟಿದ್ದೇನೆ. ದಸರೆಯ ಹೊತ್ತಿಗೆ ಅದನ್ನು ಬದಲಿಸಬೇಕು, ಮೇಸ್ತ್ರಿಗೆ ಹೇಳಿಟ್ಟಿದ್ದೇನೆ.